ಯಾವ ಮರೆವು, ಎಲ್ಲಿಂದ ಎಲ್ಲಿಯವರೆಗೆ

ಕಾಪುವಿನ ಒಬ್ಬ ಅಜ್ಜಿ ಊಟ ಮಾಡಿ ಕೈ ತೊಳೆದು ಅರ್ಧ ಗಂಟೆಯಾಗಿಲ್ಲ, "ಇವತ್ತು ಊಟ ಇಲ್ವಾ?" ಎಂದು ಕೇಳುತ್ತಾರೆ. ಕಾರ್ಕಳದ ಒಬ್ಬ ಹುಡುಗನಿಗೆ ಬೈಕಿನಿಂದ ಬಿದ್ದ ದಿನದ ಬೆಳಗ್ಗಿನಿಂದ ಆಸ್ಪತ್ರೆಯ ನಾಲ್ಕನೆಯ ದಿನದವರೆಗೆ ಏನೂ ನೆನಪಿಲ್ಲ. ಉಡುಪಿಯ ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ಒಂದು ಬೆಳಗ್ಗೆ "ನಾನು ಇಲ್ಲಿಗೆ ಹೇಗೆ ಬಂದೆ?" ಎಂದು ಐದು ಗಂಟೆ ಹೊತ್ತು ಕೇಳುತ್ತಲೇ ಇದ್ದು, ಸಂಜೆಗೆ ಪೂರ್ತಿ ಸರಿಯಾಗುತ್ತಾರೆ. ಈ ಮೂವರನ್ನೂ ನಾನು ಪಾಠಕ್ಕೆಂದು ಕಲ್ಪಿಸಿಕೊಂಡಿದ್ದೇನೆ. ಆದರೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ನರರೋಗ, ಮನೋರೋಗ ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ಇಂಥವರು ಹೊಸಬರಲ್ಲ. ಮೂರೂ ಮನೆಯವರು ವೈದ್ಯರ ಮುಂದೆ ಹೇಳುವುದು ಒಂದೇ ಮಾತು: "ನೆನಪು ಹೋಗಿದೆ, ಡಾಕ್ಟ್ರೇ." ಅಲ್ಲಿಂದ ಮುಂದೆ ವೈದ್ಯರೂ ಮನಶ್ಶಾಸ್ತ್ರಜ್ಞರೂ ಏನು ಮಾಡುತ್ತಾರೆ, ಯಾಕೆ ಹಾಗೆ ಮಾಡುತ್ತಾರೆ ಎಂಬುದನ್ನು ಈ ವಿಷಯಕ್ಕೆ ಹೊಸದಾಗಿ ಬಂದವರಿಗೆ ನಿಧಾನವಾಗಿ ಹೇಳುತ್ತೇನೆ.

ಒಂದು ಮಾತನ್ನು ಮೊದಲೇ ಹಿಡಿದುಕೊಳ್ಳಿ. ಏನು ಮರೆತಿದೆ ಎಂದು ಕೇಳಿದಷ್ಟೇ ಕಾಳಜಿಯಿಂದ ಏನು ಉಳಿದಿದೆ ಎಂದೂ ವೈದ್ಯರು ಕೇಳುತ್ತಾರೆ. ಹೋದದ್ದಕ್ಕೂ ಉಳಿದದ್ದಕ್ಕೂ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದರಿಂದಲೇ ಮರೆವಿನ ಬಗೆ ಗೊತ್ತಾಗುತ್ತದೆ.

ನೆನಪು ಮೆದುಳಿನಲ್ಲಿ ಒಂದೇ ಕಡೆ ಇರುವ ಒಂದೇ ಶಕ್ತಿ ಅಲ್ಲ. ಫೋನ್ ನಂಬರ್ ಕೇಳಿ ಅದನ್ನು ಒತ್ತುವಷ್ಟು ಹೊತ್ತು ಹಿಡಿದಿಡುವುದು ಒಂದು ಬಗೆ. ನಿನ್ನೆ ಸಂಜೆ ಮನೆಗೆ ಯಾರು ಬಂದಿದ್ದರು ಎಂಬ ಘಟನೆಯ ನೆನಪು ಇನ್ನೊಂದು. ಬಂಗುಡೆ ಎಂದರೆ ಮೀನು, ಕೃಷ್ಣ ಮಠ ಇರುವುದು ಉಡುಪಿಯಲ್ಲಿ ಎಂಬ ತಿಳಿವಳಿಕೆ ಮತ್ತೊಂದು. ಹರಿದ ಬಲೆ ಕಟ್ಟುವುದು, ಚೆಂಡೆ ಬಾರಿಸುವುದು, ಸೈಕಲ್ ತುಳಿಯುವುದು ಕೈಕಾಲಿಗೆ ಬಂದ ವಿದ್ಯೆ. ಅದು ಬೇರೆಯೇ ಬಗೆ.

ಇವು ನಿಜವಾಗಿಯೂ ಬೇರೆ ಬೇರೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ವ್ಯಕ್ತಿ. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದ ವರ್ಷವೇ, ಅಂದರೆ 1953ರಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಆತನ ತೀವ್ರ ಅಪಸ್ಮಾರವನ್ನು ತಡೆಯಲೆಂದು ಮೆದುಳಿನ ಎರಡೂ ಬದಿಯ ಕಪೋಲ ಭಾಗದ ಒಳಭಾಗವನ್ನು ತೆಗೆದರು. ಹೊಸ ನೆನಪು ನಿಲ್ಲಲು ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲು ಅದರೊಂದಿಗೆ ಹೋಯಿತು. ಫಿಟ್ಸ್ ಕಡಿಮೆಯಾಯಿತು, ಬುದ್ಧಿ ಕುಂದಲಿಲ್ಲ, ಮಾತು ಸರಿಯಿತ್ತು. ಆದರೆ ಹೊಸ ಘಟನೆ ಯಾವುದೂ ಮನಸ್ಸಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಎಂಬ ಮನಶ್ಶಾಸ್ತ್ರಜ್ಞೆ ಆತನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವ ಕೆಲಸ ಕೊಟ್ಟರು. ದಿನ ಕಳೆದಂತೆ ಕೈ ಪಳಗಿತು, ತಪ್ಪು ಕಡಿಮೆಯಾಯಿತು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ್ದೇ ಆತನಿಗೆ ಗೊತ್ತಿರಲಿಲ್ಲ. ಕೈ ಕಲಿತದ್ದನ್ನು ಮನಸ್ಸು ಅರಿಯದು. 2008ರಲ್ಲಿ ಆತ ತೀರಿಹೋಗುವವರೆಗೂ ಅಧ್ಯಯನಗಳಲ್ಲಿ ಹೆಸರಿನ ಬದಲು ಎರಡು ಅಕ್ಷರಗಳನ್ನಷ್ಟೇ ಬಳಸುತ್ತಿದ್ದರು. ಇಂದು ಯಾವ ಊರಿನಲ್ಲಿ ನೆನಪಿನ ಪರೀಕ್ಷೆ ನಡೆದರೂ ಅದರ ಹಿಂದೆ ಈ ಮನುಷ್ಯನ ಋಣ ಇದೆ.

ಹೊಸದು ನಿಲ್ಲದಿರುವುದಕ್ಕೆ ಮುಮ್ಮುಖ ಮರೆವು ಎನ್ನೋಣ, ಮೊದಲು ಇದ್ದದ್ದು ಅಳಿಸಿಹೋಗುವುದಕ್ಕೆ ಹಿಮ್ಮುಖ ಮರೆವು ಎನ್ನೋಣ. ಹೆಚ್ಚಿನವರಲ್ಲಿ ಎರಡೂ ಬೆರೆತಿರುತ್ತವೆ. ಬೆರೆತ ಪ್ರಮಾಣ ಎಷ್ಟೆಂದು ಕಂಡುಕೊಳ್ಳುವುದೇ ಮುಂದಿನ ಕೆಲಸ.

ಅದು ಶುರುವಾಗುವುದು ಮಾತುಕತೆಯಿಂದ. ಯಾವಾಗ ಶುರುವಾಯಿತು, ಒಮ್ಮೆಲೇ ಬಂತೋ, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತೋ, ಗೊತ್ತೇ ಆಗದಂತೆ ವರ್ಷಗಟ್ಟಲೆ ಹಬ್ಬಿತೋ? ಈ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ದಾರಿ ಸಾಗಿದಂತೆ. ಆದರೆ ಉತ್ತರ ಹೇಳಬೇಕಾದವರೇ ಮರೆತಿದ್ದಾರೆ. ಹಾಗಾಗಿ ಸಾಕ್ಷಿ ಬೇಕು. ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಮುಂಬೈಯಲ್ಲೋ ಕೊಲ್ಲಿ ದೇಶದಲ್ಲೋ ಇರುತ್ತಾರೆ. ಫೋನಿನಲ್ಲಿ ಅಮ್ಮ ಚೆನ್ನಾಗಿಯೇ ಮಾತಾಡುತ್ತಾರೆ, ಮಳೆ ಹೇಗಿದೆ, ಮಕ್ಕಳು ಹೇಗಿದ್ದಾರೆ ಎಂದು ಕೇಳುತ್ತಾರೆ. ರೂಢಿಯ ಮಾತಿಗೆ ಹೊಸ ನೆನಪು ಬೇಡ, ಆದ್ದರಿಂದ ದೂರದ ಮಗನಿಗೆ ಏನೂ ಗೊತ್ತಾಗುವುದಿಲ್ಲ. ಗ್ಯಾಸ್ ಉರಿಯುತ್ತಲೇ ಬಿಟ್ಟದ್ದು, ಬಿಪಿ ಮಾತ್ರೆಯನ್ನು ಎರಡು ಸಲ ನುಂಗಿದ್ದು, ದಿನಾ ಹೋಗುವ ದೇವಸ್ಥಾನದಿಂದ ಬರುವಾಗ ದಾರಿ ತಪ್ಪಿದ್ದು ಗೊತ್ತಿರುವುದು ಜೊತೆಗಿರುವ ಸೊಸೆಗೆ, ಇಲ್ಲವೇ ಪಕ್ಕದ ಮನೆಯವರಿಗೆ. ಆಸ್ಪತ್ರೆಗೆ ಅವರೇ ಬರಬೇಕು. ಅವರ ಹತ್ತಿರ ಬೇರೆಯಾಗಿ ಮಾತಾಡುವುದು ಒಳ್ಳೆಯ ಪದ್ಧತಿ. ಅಜ್ಜಿಯ ಎದುರಿಗೇ ಅವರ ತಪ್ಪುಗಳನ್ನು ಎಣಿಸಿದರೆ ಅವರಿಗೆ ನೋವಾಗುತ್ತದೆ, ಹೇಳುವವರಿಗೂ ನಾಲಿಗೆ ಏಳುವುದಿಲ್ಲ.

ಇಲ್ಲೊಂದು ಸುಳಿವು ಇದೆ. "ನನಗೆ ಎಲ್ಲ ಮರೆಯುತ್ತದೆ" ಎಂದು ತಾವೇ ಬಂದು, ಯಾವ ದಿನ ಏನು ಮರೆತೆ ಎಂದು ವಿವರವಾಗಿ ಹೇಳುವವರಲ್ಲಿ ಖಿನ್ನತೆ, ಆತಂಕ, ನಿದ್ದೆಗೇಡು ಹೆಚ್ಚಾಗಿ ಕಾಣುತ್ತದೆ. "ನನಗೇನಾಗಿದೆ, ನಾನು ಸರಿ ಇದ್ದೇನೆ" ಎನ್ನುತ್ತ ಉತ್ತರಕ್ಕಾಗಿ ಮಗಳ ಮುಖ ನೋಡುವವರ ಬಗ್ಗೆ ವೈದ್ಯರು ಹೆಚ್ಚು ಎಚ್ಚರ ವಹಿಸುತ್ತಾರೆ. ಇದು ಸುಳಿವು ಮಾತ್ರ. ಇದನ್ನೇ ನಿಯಮ ಮಾಡಿಕೊಳ್ಳಬಾರದು.

ನೆನಪನ್ನು ಅಳೆಯುವ ಮೊದಲು ಗಮನ ಇದೆಯೇ ಎಂದು ನೋಡಬೇಕು. ಒಳಗೆ ಹೋಗದೇ ಇದ್ದದ್ದು ಹೊರಗೆ ಬರಲಾರದು. ಅಂಕಿಗಳನ್ನು ಹೇಳಿ ಹಾಗೆಯೇ ತಿರುಗಿ ಹೇಳಿಸುತ್ತಾರೆ, ಆಮೇಲೆ ಹಿಂದಿನಿಂದ ಮುಂದಕ್ಕೆ ಹೇಳಿಸುತ್ತಾರೆ; ವಾರದ ದಿನಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸುತ್ತಾರೆ. ನಿನ್ನೆ ಮೊನ್ನೆಯಿಂದ ಏಕಾಏಕಿ ಗಲಿಬಿಲಿಗೊಂಡ, ಹಗಲು ತೂಗಡಿಸಿ ರಾತ್ರಿ ಎದ್ದು ಓಡಾಡುವ ವೃದ್ಧರಲ್ಲಿ ಈ ಗಮನವೇ ಕೆಟ್ಟಿರುತ್ತದೆ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ ಮೊದಲಾದವು ಕಾರಣ ಇರಬಹುದು. ಅಂಥವರಿಗೆ ಆ ಹೊತ್ತಿನಲ್ಲಿ ನೆನಪಿನ ಪರೀಕ್ಷೆ ಮಾಡಿ ಅಂಕ ಕೊಡುವುದು ಅನ್ಯಾಯ. ಮೊದಲು ದೇಹದ ಕಾಯಿಲೆಗೆ ಚಿಕಿತ್ಸೆ, ಆಮೇಲೆ ಪರೀಕ್ಷೆ.

ಗಮನ ಸರಿ ಇದೆ ಎಂದಾದ ಮೇಲೆ ಪದಗಳ ಪರೀಕ್ಷೆ. ಸಣ್ಣ ಕ್ಲಿನಿಕ್ಕಿನಲ್ಲಿ ಮೂರೋ ಐದೋ ಪದ ಹೇಳಿ ಕೆಲವು ನಿಮಿಷ ಬಿಟ್ಟು ಕೇಳುತ್ತಾರೆ. ಒಟ್ಟು 30 ಅಂಕದ ಚಿಕ್ಕ ಪ್ರಶ್ನಾವಳಿಗಳೂ ಇವೆ. 1975ರಲ್ಲಿ ಫೋಲ್‌ಸ್ಟೀನ್ ದಂಪತಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಪ್ರಶ್ನಾವಳಿ ಹೆಚ್ಚು ಹೆಸರಾದದ್ದು. ದೊಡ್ಡ ಆಸ್ಪತ್ರೆಯಲ್ಲಿ ಮನಶ್ಶಾಸ್ತ್ರಜ್ಞರು ಇನ್ನೂ ಆಳಕ್ಕೆ ಹೋಗುತ್ತಾರೆ. ಸ್ವಿಟ್ಜರ್ಲೆಂಡಿನ ಆಂದ್ರೆ ರೇ ರೂಪಿಸಿದ ಪದ್ಧತಿಯಲ್ಲಿ 15 ಪದಗಳ ಪಟ್ಟಿಯನ್ನು ಐದು ಸಲ ಓದಿ, ಪ್ರತಿ ಸಲವೂ ನೆನಪಿದ್ದಷ್ಟು ಹೇಳಿಸುತ್ತಾರೆ. ನಡುವೆ ಇನ್ನೊಂದು ಪಟ್ಟಿ ಓದಿ ಗಮನ ತಪ್ಪಿಸುತ್ತಾರೆ. ಸುಮಾರು ಅರ್ಧ ಗಂಟೆ ಬೇರೆ ಕೆಲಸ ಕೊಟ್ಟು ಮೊದಲ ಪಟ್ಟಿಯನ್ನು ಮತ್ತೆ ಕೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2004ರಲ್ಲಿ ಹೊರತಂದ ನರಮನಶ್ಶಾಸ್ತ್ರೀಯ ಪರೀಕ್ಷೆಗಳ ಗುಚ್ಛದಲ್ಲೂ ಇಂಥ ಪದಪಟ್ಟಿ ಇದೆ. ನಿಜವಾದ ಪಟ್ಟಿಯ ಪದಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಮೊದಲೇ ಓದಿದವರಿಗೆ ಆ ಪರೀಕ್ಷೆ ಉಪಯೋಗಕ್ಕೆ ಬಾರದು.

ಬದಲಿಗೆ ಕೊಡೆ, ಬಂಗುಡೆ, ಮಲ್ಲಿಗೆ, ಗರಗಸ ಎಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಯ ಮೇಲೆ ಅಜ್ಜಿ "ಕೊಡೆ" ಎಂದು ಹೇಳಿ ನಿಲ್ಲುತ್ತಾರೆ. ಆಗ "ಒಂದು ಮೀನಿನ ಹೆಸರಿತ್ತು" ಎಂದು ಎಳೆ ಕೊಟ್ಟರೆ "ಓ, ಬಂಗುಡೆ!" ಎಂದರೆ ಪದ ಒಳಗೆ ಇತ್ತು, ಹೊರಗೆ ತೆಗೆಯಲು ಆಗಲಿಲ್ಲ ಎಂದರ್ಥ. ಖಿನ್ನತೆಯಲ್ಲಿ, ಮೆದುಳಿನ ಮುಂಭಾಗದ ತೊಂದರೆಯಲ್ಲಿ, ಸಣ್ಣ ರಕ್ತನಾಳಗಳ ಕಾಯಿಲೆಯಲ್ಲಿ ಹೀಗಾಗುವುದು ಹೆಚ್ಚು. ಎಳೆ ಕೊಟ್ಟರೂ ಬರಲಿಲ್ಲ, "ಅಂಜಲ್, ಬಂಗುಡೆ, ಬೂತಾಯಿ, ಇವುಗಳಲ್ಲಿ ಯಾವುದು?" ಎಂದಾಗಲೂ ಗುರುತು ಸಿಗಲಿಲ್ಲ ಎಂದರೆ ಪದ ಒಳಗೆ ನಿಲ್ಲಲೇ ಇಲ್ಲ. ಹಿಪೊಕ್ಯಾಂಪಸ್‌ಗೆ ಪೆಟ್ಟು ಬಿದ್ದಾಗ, ಆಲ್ಝೈಮರ್ ಕಾಯಿಲೆಯ ಆರಂಭದಲ್ಲಿ, ಕಾಣುವ ಚಿತ್ರ ಇದು. ಎರಡೂ ಕಡೆ ಮೊದಲ ಉತ್ತರ ಒಂದೇ, ಒಂದೇ ಒಂದು ಪದ. ಅಲ್ಲಿಗೇ ನಿಲ್ಲಿಸಿ ಅಂಕ ಕೊಟ್ಟವರಿಗೆ ಎರಡು ಬೇರೆ ಬೇರೆ ಕಾಯಿಲೆಗಳು ಒಂದೇ ಆಗಿ ಕಾಣುತ್ತವೆ. ನಮ್ಮ ವಿದ್ಯಾರ್ಥಿಗಳು ಬೇರೇನು ಮರೆತರೂ ಈ ಎಳೆ ಕೊಡುವ ಹಂತವನ್ನು ಮರೆಯಬಾರದು ಎಂದು ನನ್ನ ಆಸೆ.

ಪದಗಳ ಜೊತೆಗೆ ಚಿತ್ರವೂ ಬೇಕು. ತೊಡಕಾದ ಗೆರೆಗಳ ಒಂದು ಆಕೃತಿಯನ್ನು ನೋಡಿ ಬರೆಸಿ, ಆಮೇಲೆ ನೋಡದೆ ಬರೆಸುತ್ತಾರೆ. ಮಾತಿನ ನೆನಪು ಕೆಟ್ಟಿದ್ದು ನೋಟದ ನೆನಪು ಉಳಿದಿರುವವರೂ, ಇದರ ತಿರುಗುಮುರುಗು ಇರುವವರೂ ಉಂಟು.

ಈಗ ನಮ್ಮ ಜಿಲ್ಲೆಯ ದೊಡ್ಡ ಪ್ರಶ್ನೆಗೆ ಬರೋಣ. ಪರೀಕ್ಷೆ ಯಾವ ಭಾಷೆಯಲ್ಲಿ? ಕಾಪುವಿನ ಅಜ್ಜಿಯ ಮನೆಮಾತು ತುಳು. ಪಕ್ಕದ ಮನೆಯಲ್ಲಿ ಕೊಂಕಣಿ, ಅದರಾಚೆ ಬ್ಯಾರಿ, ಬ್ರಹ್ಮಾವರ ದಾಟಿದರೆ ಕುಂದಾಪ್ರ ಕನ್ನಡ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾ ಸಂಪುಟದಲ್ಲಿ ಕನ್ನಡವೂ ಇದೆ. ಇದು ನಮಗೆ ದೊಡ್ಡ ಅನುಕೂಲ. ಆದರೆ ಕನ್ನಡವನ್ನು ಶಾಲೆಯಲ್ಲಿ ನಾಲ್ಕು ವರ್ಷ ಮಾತ್ರ ಕಲಿತವರಿಗೆ ಪುಸ್ತಕದ ಕನ್ನಡ ಪದ ತಲೆಗೆ ಹತ್ತದಿದ್ದರೆ ಅದು ಮರೆವಲ್ಲ. ಮೊಮ್ಮಗನನ್ನು ಕೂರಿಸಿ ತುಳುವಿನಲ್ಲಿ ಹೇಳಿಸಿದರೆ ಇನ್ನೊಂದು ತೊಂದರೆ: ಅವನು ಪ್ರೀತಿಯಿಂದ "ಹೂವಿನ ಹೆಸರಲ್ವಾ ಅಜ್ಜಿ?" ಎಂದು ಸೇರಿಸುತ್ತಾನೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ತುಳು, ಕೊಂಕಣಿ ಬಲ್ಲ ತರಬೇತಾದ ಸಿಬ್ಬಂದಿ ಇಂಥ ಕಡೆ ಯಂತ್ರಕ್ಕಿಂತ ಮುಖ್ಯ ಎಂದು ನಾನು ನಂಬುತ್ತೇನೆ. ಇವತ್ತು ಯಾವ ತಾರೀಕು ಎಂದು ಕೇಳಿದರೆ ಹೇಳಲು ಬಾರದ ಹಿರಿಯರು ತುಳು ತಿಂಗಳ ಲೆಕ್ಕದಲ್ಲಿ "ಆಟಿ ಮುಗೀತಾ ಬಂತು, ಸೋಣ ಬರ್ತದೆ" ಎಂದರೆ ಅವರಿಗೆ ಕಾಲದ ಅರಿವು ಚೆನ್ನಾಗಿದೆ. ಪೂರ್ತಿ ಅಂಕ ಕೊಡಬೇಕು. ಶಾಲೆಗೆ ಹೋಗದವರ ಅಂಕವನ್ನು ಪದವೀಧರರ ಅಂಕದ ಜೊತೆ ಹೋಲಿಸುವಂತಿಲ್ಲ. ವಯಸ್ಸು, ಓದು ಎರಡನ್ನೂ ಲೆಕ್ಕ ಹಿಡಿದು ಮಾಡಿದ ಪಟ್ಟಿಯಿಂದಲೇ ನೋಡಬೇಕು.

ಹಿಮ್ಮುಖ ಮರೆವನ್ನು ಅಳೆಯುವುದು ಇದಕ್ಕಿಂತ ಕಷ್ಟ, ನನಗೆ ಹೆಚ್ಚು ಪ್ರಿಯವಾದ ಭಾಗವೂ ಅದೇ. ಪದಪಟ್ಟಿಯನ್ನು ವೈದ್ಯರು ತಾವೇ ಕೊಟ್ಟಿರುತ್ತಾರೆ, ಸರಿ ತಪ್ಪು ಗೊತ್ತಿರುತ್ತದೆ. ಆದರೆ ರೋಗಿಯ ಬಾಲ್ಯ ವೈದ್ಯರಿಗೆ ಗೊತ್ತಿಲ್ಲ. ಅದಕ್ಕೆ ಎರಡು ದಾರಿ. ಒಂದು, ಬಾಲ್ಯ, ಯೌವನ, ಈಚಿನ ದಿನಗಳು ಎಂದು ಜೀವನವನ್ನು ಭಾಗ ಮಾಡಿ, ಒಂದೊಂದರಲ್ಲೂ ಹೆಸರುಗಳನ್ನೂ ಘಟನೆಗಳನ್ನೂ ಕೇಳಿ, ಮನೆಯವರಿಂದ ತಾಳೆ ನೋಡುವುದು. ಬ್ರಿಟನ್ನಿನ ಮೈಕೆಲ್ ಕೋಪೆಲ್‌ಮನ್ ಮತ್ತು ಸಂಗಡಿಗರು ಇದಕ್ಕೊಂದು ಕ್ರಮಬದ್ಧ ಸಂದರ್ಶನವನ್ನೇ ರೂಪಿಸಿದ್ದಾರೆ. ಇನ್ನೊಂದು, ಎಲ್ಲರಿಗೂ ಗೊತ್ತಿರುವ, ವರ್ಷ ಖಚಿತವಾಗಿರುವ ಊರ ಘಟನೆಗಳನ್ನು ಕೇಳುವುದು.

ಈ ಎರಡನೆಯದಕ್ಕೆ ಉಡುಪಿಯಷ್ಟು ಅನುಕೂಲದ ಊರು ಕಡಿಮೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು, ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ನಡೆಯುತ್ತದೆ, ಎಂಟು ಮಠಗಳ ಸರದಿ ಹದಿನಾರು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 2016 ಪೇಜಾವರ, 2018 ಪಲಿಮಾರು, 2020 ಅದಮಾರು, 2022 ಕೃಷ್ಣಾಪುರ, 2024 ಪುತ್ತಿಗೆ. ಭೂತಕಾಲಕ್ಕೆ ಇಟ್ಟ ಏಣಿಯ ಹಾಗೆ ಇದು. ಯಾವ ಮೆಟ್ಟಿಲಿನಿಂದ ಈಚೆಗೆ ನೆನಪು ಕಾಣಿಸುವುದಿಲ್ಲ ಎಂದು ನೋಡಬಹುದು. ರಥಬೀದಿಯ ಹಿರಿಯರೊಬ್ಬರು 2000ದ ಪೇಜಾವರ ಪರ್ಯಾಯವನ್ನು ವಿವರವಾಗಿ ಹೇಳಿ 2022ರದನ್ನು ಹೇಳಲಾರದೆ ಹೋದರೆ, ಹಳೆಯದು ಉಳಿದು ಹೊಸದು ಮೊದಲು ಹೋಗುತ್ತದೆ ಎಂದು ಫ್ರಾನ್ಸಿನ ಥಿಯೋಡ್ಯೂಲ್ ರಿಬೊ ಹತ್ತೊಂಬತ್ತನೆಯ ಶತಮಾನದಲ್ಲೇ ಬರೆದದ್ದು ಕಣ್ಣೆದುರು ಬಂದಂತೆ. ಆದರೆ ಜಾಗ್ರತೆ: "ಪುತ್ತಿಗೆ ಪರ್ಯಾಯ ನೋಡಿದ್ದೇನೆ" ಎಂಬ ಉತ್ತರ 2008ರದ್ದೂ ಆಗಿರಬಹುದು, 2024ರದ್ದೂ ಆಗಿರಬಹುದು. ಯಾರ ಜೊತೆ ಹೋಗಿದ್ದಿರಿ, ಎಲ್ಲಿ ನಿಂತು ನೋಡಿದಿರಿ ಎಂದು ಮುಂದುವರಿಸಿ ಕೇಳದಿದ್ದರೆ ಆ ಉತ್ತರಕ್ಕೆ ಬೆಲೆ ಇಲ್ಲ.

ಪರ್ಯಾಯ ಎಲ್ಲರ ಬದುಕಿನ ಭಾಗವಲ್ಲ ಎಂಬುದೂ ಗಮನದಲ್ಲಿರಬೇಕು. ಕಾರ್ಕಳದ ಕ್ರೈಸ್ತ ಕುಟುಂಬಕ್ಕೆ ಅತ್ತೂರು ಚರ್ಚು 2016ರಲ್ಲಿ ಬಸಿಲಿಕಾ ಆದದ್ದು, ಅಲ್ಲಿನ ಜೈನ ಮನೆಯವರಿಗೆ 2015ರ ಗೊಮ್ಮಟೇಶ್ವರ ಮಹಾಮಸ್ತಕಾಭಿಷೇಕ, ಕಾಪುವಿನವರಿಗೆ 2025ರ ಹೊಸ ಮಾರಿಗುಡಿ ಬ್ರಹ್ಮಕಲಶೋತ್ಸವ ಹೆಚ್ಚು ಹತ್ತಿರ. 1997ರಲ್ಲಿ ಉಡುಪಿ ಜಿಲ್ಲೆಯಾದದ್ದು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು ಎಲ್ಲರಿಗೂ ಸಲ್ಲುತ್ತದೆ. ಮೊಗವೀರ ಹಿರಿಯರಿಗೆ 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋಗಿ ಏಳು ಮಂದಿಯೊಂದಿಗೆ ಕಣ್ಮರೆಯಾದ 'ಸುವರ್ಣ ತ್ರಿಭುಜ' ದೋಣಿ ಮರೆಯುವಂಥದ್ದಲ್ಲ. ಆದರೆ ಆ ನೋವು ತಟ್ಟಿದ ಮನೆಯವರಾಗಿದ್ದರೆ ಪರೀಕ್ಷೆಗೆಂದು ಅದನ್ನು ಕೆದಕುವುದು ಸಲ್ಲ. ಇದು ಅಚ್ಚಾದ ಪರೀಕ್ಷೆ ಅಲ್ಲ, ಇದಕ್ಕೆ ಅಂಕದ ಪಟ್ಟಿ ಇಲ್ಲ. ಊರು ಬಲ್ಲ ವೈದ್ಯರು ಅಂಕಪಟ್ಟಿಯ ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದ ಜ್ಞಾನ.

ಕೇಳುತ್ತ ಹೋದಾಗ ಕೆಲವರು ನಡೆಯದೇ ಇದ್ದದ್ದನ್ನು ನಡೆದಂತೆ ಹೇಳುತ್ತಾರೆ. ವಾರದಿಂದ ಹಾಸಿಗೆಯಲ್ಲಿರುವವರು "ಬೆಳಗ್ಗೆ ಮಲ್ಪೆಗೆ ಹೋಗಿ ಮೀನು ತಂದೆ" ಎನ್ನುತ್ತಾರೆ. ಅದು ಸುಳ್ಳಲ್ಲ, ಖಾಲಿ ಜಾಗವನ್ನು ಮೆದುಳು ತನಗೆ ತಿಳಿಯದಂತೆ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ವಿಪರೀತ ಕುಡಿದು ಸರಿಯಾಗಿ ಊಟ ಮಾಡದವರಲ್ಲಿ ಇದು ಕಂಡರೆ ಕೊರ್ಸಕಾಫ್ ತೊಂದರೆಯನ್ನು ನೆನೆಯಬೇಕು. ರಷ್ಯದ ಸೆರ್ಗೆಯ್ ಕೊರ್ಸಕಾಫ್ 1887ರಲ್ಲಿ ವಿವರಿಸಿದ್ದು. ಕಾರಣ ಥಯಾಮಿನ್ ಎಂಬ ಬಿ1 ಜೀವಸತ್ವದ ಕೊರತೆ. ಇದಕ್ಕೆ ಮೊದಲು ಬರುವ ಹಂತದಲ್ಲಿ ಗೊಂದಲ, ಕಣ್ಣುಗುಡ್ಡೆಯ ಚಲನೆಯಲ್ಲಿ ತೊಡಕು, ನಡೆಯುವಾಗ ತೂರಾಟ ಕಾಣಿಸುತ್ತದೆ. ಮೂರೂ ಒಟ್ಟಿಗೆ ಕಾಣುವುದು ಕಡಿಮೆ ಜನರಲ್ಲಿ. ಆ ತೂರಾಟವನ್ನು "ಕುಡಿದಿದ್ದಾನೆ" ಎಂದು ಬಿಟ್ಟರೆ ಅನಾಹುತ. ಕೂಡಲೇ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ನೆನಪು ಉಳಿಯಬಹುದು, ತಡವಾದರೆ ಮರಳುವುದು ಕಷ್ಟ. ಗ್ಲೂಕೋಸ್ ಡ್ರಿಪ್ ಹಾಕುವ ಮೊದಲೇ, ಇಲ್ಲವೇ ಅದರ ಜೊತೆಗೇ, ಥಯಾಮಿನ್ ಕೊಡಬೇಕು ಎಂಬುದು ಪ್ರತಿ ಕಿರಿಯ ವೈದ್ಯರಿಗೂ ಕಲಿಸುವ ಪಾಠ. ಉಡುಪಿ ದೊಡ್ಡಣಗುಡ್ಡೆಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಂಥ ಮದ್ಯವ್ಯಸನ ಚಿಕಿತ್ಸೆಯ ಕೇಂದ್ರಗಳು ನಮ್ಮಲ್ಲಿರುವುದು ಈ ಕಾರಣಕ್ಕೂ ದೊಡ್ಡ ಆಸರೆ. ಕುಡಿತವೇ ಕಾರಣ ಆಗಬೇಕೆಂದಿಲ್ಲ. ಗರ್ಭಿಣಿಯರಿಗೆ ವಾರಗಟ್ಟಲೆ ನಿಲ್ಲದ ವಾಂತಿಯಿಂದಲೂ ಇದೇ ಕೊರತೆ ಬರಬಹುದು.

ಕಾರ್ಕಳದ ಹುಡುಗನದು ಪೆಟ್ಟಿನ ಮರೆವು. ರಾಷ್ಟ್ರೀಯ ಹೆದ್ದಾರಿ 66 ಇರುವ ಜಿಲ್ಲೆಯಲ್ಲಿ ಇದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಹುಡುಗ ಎರಡನೆಯ ದಿನ ಕಣ್ಣು ಬಿಟ್ಟ, ಗಂಜಿ ಕುಡಿದ, ಅಮ್ಮನನ್ನು ಗುರುತಿಸಿದ. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಆ ದಿನ ನಡೆದದ್ದು ಯಾವುದೂ ಅವನ ನೆನಪಿನಲ್ಲಿ ಉಳಿಯುವುದಿಲ್ಲ. ಪೆಟ್ಟು ಬಿದ್ದಲ್ಲಿಂದ ನೆನಪು ಮತ್ತೆ ಎಡೆಬಿಡದೆ ಸಾಗುವವರೆಗಿನ ಅವಧಿಯನ್ನು ಅಳೆಯುತ್ತಾರೆ. ಅದು ಒಂದು ದಿನ ಮೀರಿದರೆ ಪೆಟ್ಟು ತೀವ್ರ, ಒಂದು ವಾರ ಮೀರಿದರೆ ಅತಿ ತೀವ್ರ. ಆಸ್ಟ್ರೇಲಿಯದ ವೆಸ್ಟ್‌ಮೀಡ್ ಮಾಪನದಲ್ಲಿ ದಿನಕ್ಕೊಮ್ಮೆ ಹನ್ನೆರಡು ಪ್ರಶ್ನೆ: ಏಳು ಕಾಲ, ಸ್ಥಳ, ತನ್ನ ಬಗ್ಗೆ, ಉಳಿದ ಐದರಲ್ಲಿ ನಿನ್ನೆ ಬಂದವರ ಮುಖ, ಹೆಸರು ಮತ್ತು ನಿನ್ನೆ ತೋರಿಸಿದ ಮೂರು ಚಿತ್ರ. ಮೂರು ದಿನ ಬಿಡದೆ ಹನ್ನೆರಡಕ್ಕೆ ಹನ್ನೆರಡು ಬಂದರೆ ಮರೆವಿನ ಅವಧಿ ಮುಗಿಯಿತು ಎಂದು ಲೆಕ್ಕ. ಅಪಘಾತಕ್ಕೆ ಮೊದಲಿನ ನೆನಪು ಸಾಮಾನ್ಯವಾಗಿ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಕೊನೆಯ ಕೆಲವು ನಿಮಿಷ ಮಾತ್ರ ಬಾರದೇ ಉಳಿಯಬಹುದು. "ಹೇಗೆ ಬಿದ್ದೆ, ನೆನಪು ಮಾಡ್ಕೋ" ಎಂದು ಅವನನ್ನು ಪೀಡಿಸಬೇಡಿ.

ಬ್ಯಾಂಕ್ ಉದ್ಯೋಗಿಯದು ತಾತ್ಕಾಲಿಕ ಸರ್ವವಿಸ್ಮೃತಿ. ಐವತ್ತು ದಾಟಿದವರಲ್ಲಿ ಹೆಚ್ಚು. ಭಾರ ಎತ್ತಿದ ಮೇಲೆ, ತಣ್ಣೀರಿಗೆ ಇಳಿದ ಮೇಲೆ, ಮನಸ್ಸಿಗೆ ಆಘಾತವಾದ ಮೇಲೆ ಬರುವುದುಂಟು. ಹಾಡ್ಜಸ್ ಮತ್ತು ವಾರ್ಲೋ 1990ರಲ್ಲಿ ಕೊಟ್ಟ ಲಕ್ಷಣಗಳ ಪ್ರಕಾರ ಕಣ್ಣಾರೆ ಕಂಡ ಸಾಕ್ಷಿ ಇರಬೇಕು, ತನ್ನ ಹೆಸರು ಗೊತ್ತಿರಬೇಕು, ಕೈಕಾಲು ಮಾತು ಸರಿ ಇರಬೇಕು, ಈಚೆಗೆ ತಲೆಗೆ ಪೆಟ್ಟಾಗಲಿ ಫಿಟ್ಸ್ ಆಗಲಿ ಆಗಿರಬಾರದು, 24 ಗಂಟೆಯೊಳಗೆ ಗುಣವಾಗಬೇಕು. ಒಂದೆರಡು ದಿನ ಬಿಟ್ಟು ಎಂಆರ್‌ಐ ಮಾಡಿದರೆ ಹಿಪೊಕ್ಯಾಂಪಸ್‌ನಲ್ಲಿ ಚುಕ್ಕಿಯಷ್ಟು ಗುರುತು ಕಾಣಬಹುದು. ಆದರೆ ಇಂಥ ಪ್ರಸಂಗ ಒಂದು ಗಂಟೆಗಿಂತ ಕಡಿಮೆ ಇದ್ದು, ನಿದ್ದೆಯಿಂದ ಏಳುವಾಗ ಬಂದು, ಮತ್ತೆ ಮತ್ತೆ ಮರುಕಳಿಸಿದರೆ ಅದು ಅಪಸ್ಮಾರದ ಮರೆವು ಇರಬಹುದು. ಇಇಜಿ ಮಾಡಿ, ಔಷಧಿ ಕೊಟ್ಟರೆ ನಿಲ್ಲುತ್ತದೆ. ಮನೆಯಲ್ಲಿ ಇದನ್ನು ಬೇರ್ಪಡಿಸಲು ಹೋಗಬೇಡಿ. ಏಕಾಏಕಿ ಬಂದ ಯಾವ ಮರೆವಿಗೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತಲೆನೋವಿನ ಜೊತೆ ಬಂದರಂತೂ ಒಂದು ಗಂಟೆಯೂ ಕಾಯಬಾರದು. ಹರ್ಪಿಸ್ ವೈರಸ್ಸಿನ ಮೆದುಳು ಸೋಂಕಿಗೆ ಅಸೈಕ್ಲೊವಿರ್ ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು.

ಇನ್ನೊಂದು ಬಗೆ ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾದದ್ದು. ಯಾವುದೋ ಬಸ್ ನಿಲ್ದಾಣದಲ್ಲಿ ಒಬ್ಬರು ಸಿಗುತ್ತಾರೆ. ತಮ್ಮ ಹೆಸರು, ಊರು, ಮನೆ ಯಾವುದೂ ಗೊತ್ತಿಲ್ಲ. ಆದರೆ ವಾರ್ಡಿನ ಸಿಸ್ಟರ್ ಹೆಸರನ್ನು ಬೆಳಗ್ಗೆ ಕೇಳಿ ಸಂಜೆ ಹೇಳುತ್ತಾರೆ. ಮೆದುಳಿನ ಕಾಯಿಲೆಯಲ್ಲಿ ನಡೆಯುವುದಕ್ಕೆ ಇದು ತದ್ವಿರುದ್ಧ. ಹೊಸದು ಹೋಗಿ ಸ್ವಂತ ಹೆಸರು ಉಳಿಯಬೇಕಿತ್ತು. ತಡೆಯಲಾರದ ಮಾನಸಿಕ ಒತ್ತಡದಿಂದ ಬರುವ ವಿಘಟನೆಯ ಮರೆವು ಇದು. ನಾಟಕ ಎಂದು ಗದರಿಸುವವರಿದ್ದಾರೆ, ಮೈಮೇಲೆ ಬಂದಿದೆ ಎನ್ನುವವರೂ ಇದ್ದಾರೆ. ಎರಡೂ ಆ ವ್ಯಕ್ತಿಗೆ ನೆರವಾಗುವುದಿಲ್ಲ. ಪೆಟ್ಟು, ಅಪಸ್ಮಾರ ಇಲ್ಲವೆಂದು ಖಚಿತ ಮಾಡಿಕೊಂಡು, ಸುರಕ್ಷಿತ ಜಾಗದಲ್ಲಿ ಇಟ್ಟು, ಅವಸರಪಡಿಸದೆ ಮಾತಾಡಿಸುವುದು ಚಿಕಿತ್ಸೆಯ ಮೊದಲ ಭಾಗ. ಬೇಕೆಂದೇ ಮರೆತಂತೆ ನಟಿಸುವ ಸಂಶಯ, ಮುಖ್ಯವಾಗಿ ಕೋರ್ಟು, ವಿಮೆಯ ವ್ಯವಹಾರದಲ್ಲಿ, ಬಂದರೆ ಅದಕ್ಕೂ ಪರೀಕ್ಷೆ ಇದೆ. ಎರಡು ಚಿತ್ರಗಳಲ್ಲಿ ಮೊದಲು ನೋಡಿದ್ದು ಯಾವುದು ಎಂದು ಕೇಳುತ್ತ ಹೋದರೆ ಏನೂ ನೆನಪಿಲ್ಲದವರಿಗೂ ಅರ್ಧದಷ್ಟು ಸರಿ ಬರುತ್ತದೆ. ಅದಕ್ಕಿಂತ ತೀರಾ ಕಡಿಮೆ ಬಂದರೆ ಸರಿಯುತ್ತರ ಗೊತ್ತಿದ್ದೇ ತಪ್ಪಿಸಿದ್ದಾರೆ ಎಂದು ಅನುಮಾನಿಸಬಹುದು. ಆದರೂ ಇದೊಂದರಿಂದಲೇ ಯಾರನ್ನೂ ಸುಳ್ಳುಗಾರ ಎನ್ನಬಾರದು.

ಕಾಪುವಿನ ಅಜ್ಜಿಯ ರಕ್ತ ಪರೀಕ್ಷೆಯಲ್ಲಿ ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ನೋಡಲೇಬೇಕು. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಮಧುಮೇಹಿಗಳಲ್ಲಿ ಬಿ12 ಕೊರತೆ ಹೆಚ್ಚು. ಹಿಂದಿನ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದಿದ್ದರೆ ತಲೆಬುರುಡೆಯೊಳಗೆ ನಿಧಾನಕ್ಕೆ ರಕ್ತ ಕಟ್ಟಿರಬಹುದು. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಶಸ್ತ್ರಚಿಕಿತ್ಸೆಯಿಂದ ಗುಣವಾಗುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಂದ ಶೀತದ ಮಾತ್ರೆಯನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಅವುಗಳಲ್ಲಿ ಕೆಲವು ವೃದ್ಧರ ನೆನಪನ್ನು ಮಂಕು ಮಾಡುತ್ತವೆ.

ಇಷ್ಟೆಲ್ಲ ಆದ ಮೇಲೂ ಮೊದಲ ದಿನವೇ ಹೆಸರಿಡಲು ಆಗದ ಮರೆವುಗಳು ಬಹಳ. ಆಗ ಆರು ತಿಂಗಳೋ ಒಂದು ವರ್ಷವೋ ಬಿಟ್ಟು ಮತ್ತೆ ಬರಲು ಹೇಳುತ್ತಾರೆ. ಎರಡನೆಯ ಸಲ ಅದೇ ಪದಗಳನ್ನು ಕೇಳಿದರೆ ಮೊದಲಿನ ಅಭ್ಯಾಸದಿಂದ ಅಂಕ ಏರಬಹುದು, ಆದ್ದರಿಂದ ಸಮಾನ ಕಷ್ಟದ ಬೇರೆ ಪಟ್ಟಿ ಬಳಸುತ್ತಾರೆ. ಹಳೆಯ ವರದಿ ಕಳೆಯದೆ ತನ್ನಿ. ಸಾಧ್ಯವಾದರೆ ಮೊದಲ ಸಲ ಜೊತೆಗೆ ಬಂದವರೇ ಮತ್ತೆ ಬನ್ನಿ, ಈ ನಡುವೆ ಅಜ್ಜಿ ಯಾವ ಕೆಲಸ ಬಿಟ್ಟರು, ಯಾವುದನ್ನು ಈಗಲೂ ತಾವೇ ಮಾಡುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ.